ಅರಿಶಿನದ ಪುಸ್ತಕ, ಸುಣ್ಣದ ಶಾಯಿ

ನಮ್ಮ ಮನೆಯ ವಾಷಿಂಗ್ ಮಷೀನಿನ ಹಣೆಯ ಮೇಲೆ ಒಂದು ಅರಿಶಿನದ ಬೊಟ್ಟಿದೆ. ಕೊಂಡು ತಂದ ದಿನ ಹಚ್ಚಿದ್ದು. ಮನೆಮಂದಿಯ ಬಟ್ಟೆಯ ಕಲೆಗಳನ್ನೆಲ್ಲ ತೆಗೆಯುವ ಆ ಯಂತ್ರಕ್ಕೆ ತನ್ನ ಹಣೆಯ ಕಲೆಯನ್ನು ತೆಗೆದುಕೊಳ್ಳುವುದು ಇಷ್ಟು ವರ್ಷವಾದರೂ ಸಾಧ್ಯವಾಗಿಲ್ಲ. ಮಿಕ್ಸರಿಗೂ ಬೊಟ್ಟಿದೆ, ಫ್ರಿಜ್ಜಿಗೂ ಇದೆ, ನನ್ನ ಸ್ಕೂಟಿಯ ದೀಪಕ್ಕೂ ಇದೆ. ನನ್ನ ಗಂಡ ಹೊಸ ಲ್ಯಾಪ್‌ಟಾಪ್ ತಂದಾಗ ನಮ್ಮ ಅತ್ತೆಯವರು ಬಟ್ಟಲು ಹಿಡಿದು ಬಂದು, ಇದರ ಹಣೆ ಯಾವುದೆಂದು ತಿಳಿಯದೆ, ಪರದೆಯ ನಟ್ಟನಡುವೆ ಬೆರಳು ಒತ್ತಿಬಿಟ್ಟರು. ನಾನು ಕಾಲೇಜಿನಲ್ಲಿ ಕನ್ನಡ ಕಲಿಸುವವಳು. ವಿಚಾರವಂತೆ ಎಂದು ನನ್ನ ಬಗ್ಗೆ ನನಗೊಂದು ಒಳ್ಳೆಯ ಅಭಿಪ್ರಾಯವೂ ಇದೆ. ಆದರೆ ಖರೆ ಹೇಳಬೇಕೆಂದರೆ, ಹೊಸ ವಸ್ತುವನ್ನು ಅರಿಶಿನ ಹಚ್ಚದೆ ಬಳಸುವ ಧೈರ್ಯ ನನಗೂ ಇಲ್ಲ. ಹಚ್ಚುವತನಕ ಆ ವಸ್ತು ಇನ್ನೂ ಅಂಗಡಿಯವನದೇ ಅನ್ನಿಸುತ್ತಿರುತ್ತದೆ.

ಈ ಚಟವೇ ಹೋದ ಚಳಿಗಾಲದಲ್ಲಿ ನನ್ನ ಮಾನ ಕಳೆಯಿತು, ಮರುದಿನ ತಾನೇ ಅದನ್ನು ಬಡ್ಡಿಸಮೇತ ತಂದುಕೊಟ್ಟಿತು. ಅದನ್ನು ಹೇಳಬೇಕೆಂದೇ ಕೂತಿದ್ದೇನೆ.

ಬಾಗಲಕೋಟೆಯ ವಿದ್ಯಾಗಿರಿಯಲ್ಲಿರುವ ನಮ್ಮ ಹೆಣ್ಣುಮಕ್ಕಳ ಕಾಲೇಜಿಗೆ ಸುಹಾಸ್ ಎಂಬ ಕಲಾವಿದರು ಮೈಸೂರಿನಿಂದ ಬಂದಿದ್ದರು. ಹುಡುಗಿಯರಿಗೆ ಪುಸ್ತಕ ಹೊಲಿಯುವುದು, ಅಂಟಿಸುವುದು, ರಟ್ಟು ಕಟ್ಟುವುದನ್ನೆಲ್ಲ ಕಲಿಸಿ, ಕೊನೆಗೆ 'ಕಲಾವಿದರ ಪುಸ್ತಕ' ಎನ್ನುವುದನ್ನು ಮಾಡಿಸುವುದು ಅವರ ಉದ್ದೇಶ. ಹಾಗೆಂದರೇನು ಎಂದು ನಮ್ಮ ಪ್ರಾಚಾರ್ಯರು ಕೇಳಿದರು. ಬರೆದದ್ದಷ್ಟೇ ಅಲ್ಲ, ಕಾಗದ, ದಾರ, ಮಡಿಕೆ, ಬಣ್ಣ ಎಲ್ಲವೂ ಮಾತಾಡುವಂಥ ಪುಸ್ತಕ ಎಂದು ಸುಹಾಸ್ ವಿವರಿಸಿದರು. ಅದನ್ನು ಓದಲು ಬರುತ್ತದೋ ಇಲ್ಲವೋ ಎಂಬುದು ಪ್ರಾಚಾರ್ಯರ ಮುಂದಿನ ಪ್ರಶ್ನೆ. ಬರದಿದ್ದರೂ ನಡೆಯುತ್ತದೆ ಎಂದರು ಸುಹಾಸ್. ಪ್ರಾಚಾರ್ಯರು ಆ ಮನುಷ್ಯನನ್ನು ಬಿಟ್ಟು ನನ್ನ ಮುಖ ನೋಡಿದರು, ನಾನೇ ಕೈಹಿಡಿದು ಕರೆತಂದವಳೇನೋ ಎಂಬಂತೆ. ಪುಸ್ತಕ ಅಂದಮೇಲೆ ಕನ್ನಡದವರೇ ನೋಡಿಕೊಳ್ಳಲಿ ಎಂದು ಇಡೀ ಕಾರ್ಯಾಗಾರವನ್ನು ನನ್ನ ಕೊರಳಿಗೆ ಕಟ್ಟಿದರು.

ನನ್ನ ಕೈಗಳ ಬಗ್ಗೆ ಅವರಿಗೆ ಗೊತ್ತಿರಲಿಲ್ಲ. ನಾನು ಲಟ್ಟಿಸಿದ ಹೋಳಿಗೆ ಒಂದೊಂದು ಸಲ ಒಂದೊಂದು ತಾಲೂಕಿನ ನಕಾಶೆಯಾಗುತ್ತದೆ. ಸೀರೆಯ ಫಾಲ್ ಹಚ್ಚಲು ಕೂತರೆ ಅದರ ಜೊತೆ ಉಟ್ಟ ಸೀರೆಯನ್ನೂ ಸೇರಿಸಿ ಹೊಲಿದುಕೊಂಡೇ ಎದ್ದಿದ್ದೇನೆ. ಗ್ರಂಥ ಎಂದರೆ ಕಟ್ಟಿದ್ದು, ಗಂಟು ಹಾಕಿದ್ದು ಎಂದು ತರಗತಿಯಲ್ಲಿ ವರ್ಷಗಟ್ಟಲೆ ಹೇಳುತ್ತ ಬಂದಿದ್ದೇನೆ. ಓಲೆಗರಿಯ ತೂತು, ಅದರೊಳಗೆ ಹಾಯುವ ದಾರ, ಎರಡು ಕಡೆಯ ಹಲಗೆ ಎಲ್ಲವನ್ನೂ ಗಾಳಿಯಲ್ಲಿ ಕೈಯಾಡಿಸಿ ತೋರಿಸಿದ್ದೇನೆ. ಗಂಟು ಹಾಕಲು ಮಾತ್ರ ನನಗೆ ಬರುತ್ತಿರಲಿಲ್ಲ. ಹುಡುಗಿಯರ ಸಾಲಿನ ಕೊನೆಗೆ ನಾನೂ ದಬ್ಬಣ ಹಿಡಿದು ಕೂತೆ.

ಕಾರ್ಯಾಗಾರಕ್ಕೆಂದು ನಮಗೆ ಸಿಕ್ಕದ್ದು ಕಟ್ಟಡದ ಹಿಂದಿನ ಉಗ್ರಾಣ. ಮುರಿದ ಬೆಂಚುಗಳು, ಕಾಲಿಲ್ಲದ ಕಪ್ಪುಹಲಗೆ, ಹಳೆಯ ಉತ್ತರಪತ್ರಿಕೆಗಳ ಗಂಟುಗಳು. ಹುಡುಗಿಯರು ಸೆರಗು ಸಿಕ್ಕಿಸಿ, ವೇಲು ಬಿಗಿದು ಅದನ್ನು ಗುಡಿಸಿ ತೊಳೆದರು. ಬೆಂಚುಗಳನ್ನು ಜೋಡಿಸಿ ಉದ್ದದ ಮೇಜು ಮಾಡಿದರು. ಉತ್ತರಪತ್ರಿಕೆಗಳ ಗಂಟುಗಳನ್ನು ಮಾತ್ರ ಇಟ್ಟುಕೊಂಡೆವು, ಅಂಟಿಸಿದ ರಟ್ಟು ಒಣಗುವತನಕ ಮೇಲೆ ಹೇರಲು ಅಷ್ಟು ತೂಕದ್ದು ಬೇರೇನೂ ಇರಲಿಲ್ಲ. ಯಾರ ಯಾರದೋ ಅಳಿದುಳಿದ ವಿದ್ಯೆಗೆ ಕೊನೆಗೂ ಒಂದು ಉಪಯೋಗ ದೊರೆಯಿತು. ಮೊದಲ ವಾರ ಮುಗಿಯುವುದರೊಳಗೆ ಅದು ಉಗ್ರಾಣವಾಗಿ ಉಳಿದಿರಲಿಲ್ಲ. ಕೋಣೆಗೆ ನಮ್ಮ ಕಡೆ ಖೋಲಿ ಎನ್ನುತ್ತಾರೆ; ಹುಡುಗಿಯರು 'ನಮ್ಮ ಖೋಲಿ' ಎನ್ನತೊಡಗಿದ್ದರು.

ನಮ್ಮ ಹುಡುಗಿಯರು ಮನೆಯಲ್ಲಿ ಅಣ್ಣನ ಮೇಜಿನ ತುದಿಯಲ್ಲಿ, ಅಡುಗೆಮನೆಯ ಹೊಸ್ತಿಲಲ್ಲಿ, ಬಸ್ಸಿನ ಸೀಟಿನಲ್ಲಿ ಓದುವವರು. ನಮ್ಮದು ಎನ್ನುವ ಖೋಲಿ ಅವರಿಗೆ ಎಲ್ಲಿಂದ ಬರಬೇಕು? ನಾನು ಪ್ರಾಚಾರ್ಯರ ಬಳಿ ಹೋಗಿ, ಸುಹಾಸ್ ಹೋದಮೇಲೂ ಅದನ್ನು ಅವರಿಗೇ ಬಿಡಿ ಎಂದು ಕೇಳಿದೆ. ಇಷ್ಟು ವರ್ಷದ ನೌಕರಿಯಲ್ಲಿ ನಾನು ರಜೆ ಬಿಟ್ಟು ಬೇರೇನನ್ನೂ ಕೇಳಿದವಳಲ್ಲ. ಅವರು ಕೆಟ್ಟವರಲ್ಲ, ಆದರೆ ಉತ್ತರಪತ್ರಿಕೆಯ ಗಂಟುಗಳನ್ನು ಎಲ್ಲಿಡಬೇಕೆಂಬ ಚಿಂತೆ ಅವರದು. ಕೊನೆಯ ದಿನದ ಪ್ರದರ್ಶನಕ್ಕೆ ಸಂಸ್ಥೆಯ ಅಧ್ಯಕ್ಷರು ಬರುತ್ತಾರೆ, ಅವರ ಮನಸ್ಸಿಗೆ ಬಂದರೆ ಖೋಲಿ ನಿಮ್ಮದು, ಇಲ್ಲದಿದ್ದರೆ ಮರುದಿನವೇ ಅದು ಮತ್ತೆ ಉಗ್ರಾಣ ಎಂದರು. ಈ ಮಾತನ್ನು ನಾನು ಖೋಲಿಗೆ ಬಂದು ಹೇಳಿದಾಗ ಹುಡುಗಿಯರು ಹೊಲಿಗೆಗಳನ್ನು ಮೊದಲಿಗಿಂತ ಬಿಗಿಯಾಗಿ ಎಳೆಯತೊಡಗಿದರು.

ಕಲಿಕೆ ಸುಲಭವಾಗಿರಲಿಲ್ಲ. ಮಡಿಕೆಯನ್ನು ತೀಡಲು ಸುಹಾಸ್ ಬಿಳಿಯ ಪಟ್ಟಿಯೊಂದನ್ನು ಎಲ್ಲರಿಗೂ ಹಂಚಿದರು. ಇದು ಯಾವುದರದು ಎಂದು ಯಾರೋ ಕೇಳಿದರು. ಎಲುಬಿನದು ಎಂದರು ಸುಹಾಸ್, ಬಹಳ ಸಹಜವಾಗಿ. ಕೊರಳಲ್ಲಿ ಲಿಂಗ ಕಟ್ಟಿಕೊಂಡ ಹುಡುಗಿಯರೆಲ್ಲ ಪಟ್ಟಿಗಳನ್ನು ಮೆಲ್ಲಗೆ ಕೆಳಗಿಟ್ಟು ಕೈ ತೊಳೆಯಲು ಎದ್ದರು. ಮರುದಿನದಿಂದ ಒಬ್ಬಳು ಚಮಚದ ಬೆನ್ನಿನಿಂದ ತೀಡಿದಳು, ಇನ್ನೊಬ್ಬಳು ಬಳೆಯಿಂದ, ಮತ್ತೊಬ್ಬಳು ಬಾಚಣಿಕೆಯ ಬೆನ್ನಿನಿಂದ. ಮಡಿಕೆಗಳು ಚೆನ್ನಾಗಿಯೇ ಬಂದವು. ಸುಹಾಸ್ ಅವರ ಕನ್ನಡ ಇನ್ನೊಂದು ತೊಡಕು. 'ದಯವಿಟ್ಟು ಅಂಚಿಗೆ ಅಂಚನ್ನು ಕೂಡಿಸಿ' ಎಂದರೆ ಹುಡುಗಿಯರು ಹಿಂದೆ ಯಾರೋ ಹಿರಿಯರು ನಿಂತಿದ್ದಾರೇನೋ ಎಂದು ತಿರುಗಿ ನೋಡುತ್ತಿದ್ದರು. ಹುನಗುಂದದಿಂದ ದಿನಾ ಬಸ್ಸಿನಲ್ಲಿ ಬರುವ ದಾಕ್ಷಾಯಣಿ ಎಂಬಾಕೆ ಬಾಯಿಗೆ ಬಂದದ್ದನ್ನು ನುಂಗುವವಳಲ್ಲ. "ಸರ್, ನೀವು ನಮಗ ದಯವಿಟ್ಟು ಅನ್ನಬ್ಯಾಡ್ರಿ. ನಾವೇನೋ ತಪ್ಪು ಮಾಡೀವಿ ಅನಸ್ತೈತಿ" ಎಂದಳು. ಆ ದಿನದಿಂದ ಅವರು 'ಮಾಡ್ರಿ' ಎನ್ನಲು ಕಲಿತರು.

ಒಂದು ರವಿವಾರ ಅವರು ನಮ್ಮನ್ನೆಲ್ಲ ಐಹೊಳೆಗೂ ಬಾದಾಮಿಗೂ ಕರೆದೊಯ್ದರು. ಹುಟ್ಟಿದಾಗಿನಿಂದ ನೋಡಿದ ಊರುಗಳನ್ನು ಮೈಸೂರಿನವರಿಂದ ತೋರಿಸಿಕೊಳ್ಳುವುದು ಎಂದರೆ ನನಗೆ ಸ್ವಲ್ಪ ಕೋಪವೇ ಬಂದಿತ್ತು. ಆದರೆ ಐಹೊಳೆಯಲ್ಲಿ ಒಂದೊಂದು ಗುಡಿಯೂ ಒಂದೊಂದು ಆಕಾರ, ಒಂದಕ್ಕೆ ಬೆನ್ನು ದುಂಡಗೆ, ಒಂದಕ್ಕೆ ಮಾಳಿಗೆ ಚಪ್ಪಟೆ. ಇಲ್ಲಿ ಕಲ್ಲುಕುಟಿಗರು ಕಲಿತರು, ಕಲಿತದ್ದನ್ನು ಅಳಿಸಲಿಲ್ಲ ಎಂದರು ಸುಹಾಸ್. ಆ ಮಾತು ನನಗೆ ಹಿಡಿಸಿತು. ಬಾದಾಮಿಯ ಬಂಡೆಯ ಮೇಲಿನ ಅಕ್ಷರಗಳ ಮುಂದೆ ದಾಕ್ಷಾಯಣಿ ಬಹಳ ಹೊತ್ತು ನಿಂತಳು. ಸಾವಿರದ ಮೇಲೆ ಎಷ್ಟೋ ವರ್ಷವಾಗಿದೆ, ಮಳೆಗೂ ಹೋಗಿಲ್ಲ, ಮಂಗಗಳಿಗೂ ಹೋಗಿಲ್ಲ ಎಂದು ನಾನು ಮೇಡಂ ಆಗಿ ಹೇಳಿದೆ. ಅವಳು ಒಪ್ಪಿದಳು. ಆದರೆ ಮುಟ್ಟಲು ಬಿಡುವುದಿಲ್ಲವಲ್ಲ ಎಂದು ಬೇಸರಪಟ್ಟಳು.

ಕೊನೆಯ ಕೆಲಸ ಎಲ್ಲರೂ ಕೂಡಿ ಒಂದೇ ದೊಡ್ಡ ಪುಸ್ತಕ ಮಾಡುವುದು. ಹೊಲಿಗೆಯದಲ್ಲ, ಮಡಿಕೆಯದು; ಹಾಳೆಗೆ ಹಾಳೆ ಅಂಟಿಸಿ ಹಿಂದೆ ಮುಂದೆ ಮಡಚಿದ ಉದ್ದ ಪಟ್ಟಿ, ಬಿಚ್ಚಿದರೆ ಮೇಜಿನ ಈ ತುದಿಯಿಂದ ಆ ತುದಿಗೆ ಬರುವಂಥದು. ಸುಹಾಸ್ ಸ್ಕೇಲು ಪೆನ್ಸಿಲ್ಲು ತೆಗೆದು ಗುರುತು ಹಾಕಲು ಹೊರಡುವುದರೊಳಗೆ ಇಳಕಲ್ಲಿನ ರೇಷ್ಮಾ ಪಟ್ಟಿಯನ್ನು ಬೆರಳುಗಳ ನಡುವೆ ಹಿಡಿದು ಸೀರೆಯ ನಿರಿಗೆ ಹಾಕುವಂತೆ ಹಾಕಿಬಿಟ್ಟಳು. ಅವಳ ಮನೆಯಲ್ಲಿ ಮಗ್ಗವಿದೆ, ದಿನಕ್ಕೆ ಎಷ್ಟು ಸೀರೆ ಮಡಚುತ್ತಾಳೋ. ನಿರಿಗೆ ಪುಸ್ತಕ ಎಂದೇ ಅದಕ್ಕೆ ಹೆಸರಾಯಿತು. ಒಬ್ಬೊಬ್ಬಳು ತನ್ನ ಮನೆಯಿಂದ ಕಾಲೇಜಿನ ತನಕದ ದಾರಿಯನ್ನು ಒಂದೊಂದು ಮಡಿಕೆಯಲ್ಲಿ ಬಣ್ಣದ ಶಾಯಿಯಿಂದ ಬರೆದಳು, ಬಿಡಿಸಿದಳು.

ರಟ್ಟಿನ ಹೊದಿಕೆಗೆ ಖಣ, ಎಂದರೆ ರವಿಕೆಯ ಬಟ್ಟೆ, ನಾನು ತಂದೆ. ಗುಳೇದಗುಡ್ಡದ ಖಣದ ಬಗ್ಗೆ ನಿಮಗೆ ಒಂದು ಮಾತು ಹೇಳಲೇಬೇಕು. ನಮ್ಮಲ್ಲಿ ಹೆಣ್ಣುಮಕ್ಕಳಿಗೆ ಉಡಿ ತುಂಬುವಾಗ ಖಣ ಇಟ್ಟು ಕೊಡುತ್ತಾರೆ. ಅದನ್ನು ಯಾರೂ ಹೊಲಿಸುವುದಿಲ್ಲ. ಮುಂದಿನವಳ ಉಡಿಗೆ ದಾಟಿಸುತ್ತಾರೆ. ನಾನು ನನ್ನ ನಾದಿನಿಗೆ ಕೊಟ್ಟ ಕೆಂಪು ಖಣ, ಅಂಚಿಗೆ ತಾಗಿದ್ದ ಎಣ್ಣೆಯ ಹನಿಯ ಸಮೇತ, ಯಾರಾರ ಮನೆ ಸುತ್ತಿ ಕೆಲವು ವರ್ಷದ ಮೇಲೆ ನನ್ನ ಉಡಿಗೇ ಬಂದು ಬಿದ್ದಿದೆ. ನಮ್ಮ ಅತ್ತೆಯವರ ಟ್ರಂಕಿನಲ್ಲಿ ಹೀಗೆ ದಣಿದು ಕೂತ ಖಣಗಳ ದೊಡ್ಡ ರಾಶಿಯೇ ಇದೆ. ಅದರಿಂದ ಎರಡನ್ನು ಕೇಳಿದೆ. ಕತ್ತರಿಸುತ್ತೀಯೋ ಎಂದು ಅವರು ಅನುಮಾನದಿಂದ ಕೇಳಿದರು, ಹೌದೆಂದೆ. ಪಾಪ, ಎಲ್ಲಾದರೂ ಒಂದು ಕಡೆ ನಿಲ್ಲಲಿ ಬಿಡು ಎಂದು ಕೊಟ್ಟರು.

ಪ್ರದರ್ಶನದ ಹಿಂದಿನ ದಿನ ಮಧ್ಯಾಹ್ನಕ್ಕೆ ನಿರಿಗೆ ಪುಸ್ತಕ ಮುಗಿಯಿತು. ಖಣದ ರಟ್ಟು ಹೊತ್ತು ಮೇಜಿನ ಮೇಲೆ ಮದುಮಗಳಂತೆ ಕೂತಿತ್ತು. ಶುಕ್ರವಾರ ಬೇರೆ. ನನ್ನ ಚಟ ಕೆರಳಿತು. ಹೊಸ ವಸ್ತು, ಅರಿಶಿನ ಹಚ್ಚದೆ ನಾಳೆ ಅಧ್ಯಕ್ಷರ ಮುಂದೆ ಇಡುವುದೆಂದರೇನು! ಬಟ್ಟಲಲ್ಲಿ ಅರಿಶಿನ ಕಲಸಿದೆ. ಕೈಗುಣ ಗೊತ್ತೇ ಇದೆಯಲ್ಲ, ನೀರು ಹೆಚ್ಚಾಗಿ ಅದು ಬೇಳೆ ಕಟ್ಟಿನಂತಾಯಿತು. ದಾಕ್ಷಾಯಣಿ ಮೆಟ್ಟಿಲಿನ ಕಲ್ಲಿಗೆ ಕಾಯಿ ಒಡೆದು, ನೀರು ತುಂಬಿದ ಹೋಳನ್ನು ಪುಸ್ತಕದ ಮುಂದೆ ಇಡಲು ಬಂದಳು. ಹೋಳು ಹೊರಳಿ ಬಟ್ಟಲಿಗೆ ಬಡಿಯಿತು. ಬಟ್ಟಲು ಮಗುಚಿತು.

ಎತ್ತಿ ಹಿಡಿಯುವುದರೊಳಗೆ ಹಳದಿ ನೀರು ಮಡಿಕೆ ಮಡಿಕೆಯೊಳಗೂ ಇಳಿದಿತ್ತು. ಕಾಗದ ನೀರು ಹೀರುವ ಜಾತಿಯದು. ಹುನಗುಂದದ ಬಸ್ಸು ಕರಗಿತು, ಐಹೊಳೆಯ ದಾರಿ ಕರಗಿತು, ಇಳಕಲ್ಲಿನ ಮಗ್ಗ ಹಳದಿ ಕೆಸರಿನಲ್ಲಿ ಮುಳುಗಿತು. ಆಗಲಾದರೂ ನಾನು ಸುಮ್ಮನಿರಬೇಕಿತ್ತು. ಇಲ್ಲ. ಕಲೆ ಎಂದೊಡನೆ ಹೆಂಗಸಿನ ಕೈ ಸೋಪಿಗೆ ಹೋಗುತ್ತದೆ. ಕೈ ತೊಳೆಯುವ ಕಡೆ ಇದ್ದ ಬಟ್ಟೆ ಸೋಪನ್ನು ಒದ್ದೆ ಅರಿವೆಗೆ ಹಚ್ಚಿ ತಿಕ್ಕಿದೆ. ತಿಕ್ಕಿದಲ್ಲೆಲ್ಲ ಹಳದಿ ಹೋಗಿ ಕೆಂಪಾಯಿತು. ಅರಿಶಿನಕ್ಕೆ ಸೋಪು ತಾಗಿದರೆ ಕೆಂಪಾಗುತ್ತದೆ ಎಂದು ಅರಿಶಿನ ಬಳಸುವ ಯಾವ ಮನೆಯ ಹೆಂಗಸಿಗೆ ಗೊತ್ತಿಲ್ಲ? ನನಗೂ ಗೊತ್ತಿತ್ತು. ಗಾಬರಿಯಲ್ಲಿ ಗೊತ್ತಿರುವುದೇ ಮೊದಲು ಓಡಿಹೋಗುತ್ತದೆ.

ದಾಕ್ಷಾಯಣಿ ಗೋಡೆಗೆ ಒರಗಿ ಅತ್ತಳು, ಪುಸ್ತಕಕ್ಕಲ್ಲ. "ಖೋಲಿ ಹೋತಲ್ರಿ ಮೇಡಂ" ಎಂದಳು. ನನಗೂ ಅಳು ಬಂತು. ನಾನು ಮೊದಲ ಸಲ ಕೇಳಿದ್ದನ್ನು ನಾನೇ ತೊಳೆದು ಹಾಕಿದ್ದೆ.

ಸುಹಾಸ್ ಮಾತ್ರ ಪುಸ್ತಕದ ಮೇಲೆ ಬಗ್ಗಿ, ಇದು ಏಕೆ ಕೆಂಪಾಯಿತು ಎಂದು ನಿಜವಾದ ಕುತೂಹಲದಿಂದ ಕೇಳುತ್ತಿದ್ದರು. ಮೈಸೂರಿನಲ್ಲಿ ಅವರಮ್ಮ ಆರತಿ ಎತ್ತುವುದಿಲ್ಲವೇನೋ, ಅಥವಾ ಇವರು ಆ ಹೊತ್ತಿಗೆ ಚಿತ್ರ ಬಿಡಿಸುತ್ತ ಕೂತಿರಬೇಕು. ದಾಕ್ಷಾಯಣಿ ಮೂಗು ಒರೆಸಿಕೊಳ್ಳುತ್ತ, ಅರಿಶಿನಕ್ಕೆ ಸುಣ್ಣ ಕೂಡಿಸಿ ಕೆಂಪು ಆರತಿ ಮಾಡುತ್ತಾರೆ, ಸೋಪಿಗೂ ಅದೇ ಗುಣ ಎಂದು ಹೇಳತೊಡಗಿದಳು. ಹೇಳುತ್ತ ಹೇಳುತ್ತ ಅಳು ನಿಂತಿತು. ಎದ್ದು ಹೋಗಿ, ನಮ್ಮ ಜವಾನರ ಎಲೆ ಅಡಿಕೆಯ ಚೀಲದಿಂದ ಒಂದಿಷ್ಟು ಸುಣ್ಣ ಬೇಡಿ ತಂದಳು. ಕಡ್ಡಿಯ ತುದಿಗೆ ಹಚ್ಚಿ, ಕೆಟ್ಟುಹೋದ ಹಾಳೆಯ ಹಳದಿಯ ಮೇಲೆ ತನ್ನೂರಿನ ಹೆಸರು ಬರೆದಳು. ನಾವು ನೋಡುತ್ತಿದ್ದಂತೆ ಬಿಳಿಯ ಗೆರೆ ಕೆಂಪಾಯಿತು. ಹುನಗುಂದ ಮತ್ತೆ ಮೂಡಿತು.

ಓಲೆಗರಿಯಲ್ಲಿ ಕಂಟವೆಂಬ ಚೂಪು ಕಬ್ಬಿಣದ ಲೇಖನಿಯಿಂದ ಕೊರೆದ ಅಕ್ಷರ ಮೊದಲು ಕಾಣುವುದಿಲ್ಲ, ಮೇಲೆ ಮಸಿ ತೀಡಿದಮೇಲೆ ಎದ್ದು ಬರುತ್ತದೆ ಎಂದು ನಾನು ಎಷ್ಟೋ ಸಲ ಪಾಠ ಮಾಡಿದ್ದೆ. ಅದು ಎದ್ದು ಬರುವುದನ್ನು ಕಣ್ಣಾರೆ ಕಂಡದ್ದು ಅವತ್ತೇ. ದಾಕ್ಷಾಯಣಿ ತಿರುಗಿ ಹೇಳಿದಳು: "ಎಲ್ಲಾ ಹಾಳಿ ಹಳದಿ ಮಾಡೂಣ್ರಿ ಮೇಡಂ. ಏನೂ ಬರಿಯೂದು ಬ್ಯಾಡ. ಬಂದವ್ರು ಬರೀಲಿ."

ಸಂಜೆಯ ಬಸ್ಸಿನ ತನಕ ಹಾಳೆ ಕತ್ತರಿಸಿ ಅಂಟಿಸಿದೆವು. ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೇ ಎಲ್ಲರೂ ಬಂದರು, ಒಬ್ಬೊಬ್ಬಳ ಚೀಲದಲ್ಲೂ ಅವರ ಮನೆಯ ಅರಿಶಿನ. ಅರಿಶಿನಕ್ಕೆ ಒಂದೇ ಬಣ್ಣ ಎಂದು ನಾನು ತಿಳಿದಿದ್ದೆ. ಕುಟ್ಟಿ ಪುಡಿ ಮಾಡಿದ್ದು ಕಂದು ಬೆರೆತ ಹಳದಿ, ಪೊಟ್ಟಣದ್ದು ನಿಂಬೆಯ ಹಳದಿ, ರೇಷ್ಮಾ ತಂದದ್ದು ಕಿತ್ತಳೆಯ ಕಡೆಗೆ ವಾಲಿದ್ದು. ಒಂದೊಂದು ಮಡಿಕೆಗೆ ಒಂದೊಂದು ಮನೆಯ ಅರಿಶಿನ ಬಳಿದೆವು. ನನಗೂ ಒಂದು ಮಡಿಕೆ ಕೊಟ್ಟರು. ನೀರು ಮಾತ್ರ ದಾಕ್ಷಾಯಣಿಯೇ ಹಾಕಿದಳು. ಬಿಸಿಲಿಗೆ ಒಣಗಿಸಿ, ರೇಷ್ಮಾ ನಿರಿಗೆ ಹಿಡಿದು, ಅದೇ ಖಣದ ರಟ್ಟು ಹೊದಿಸಿದೆವು. ಖಣದ ಮೇಲೆ ಅರಿಶಿನ ಚೆಲ್ಲಿದ್ದು ಕಾಣುತ್ತಲೇ ಇರಲಿಲ್ಲ, ಅದು ಎಷ್ಟೋ ಉಡಿಗಳಲ್ಲಿ ಅರಿಶಿನ ಕಂಡ ಬಟ್ಟೆ.

ಅಧ್ಯಕ್ಷರು ಹುನಗುಂದದ ಕಡೆಯ ಕಡಲೆ ವ್ಯಾಪಾರಿಗಳು, ಹಿರಿಯರು. ಪ್ರತಿವರ್ಷ ಸ್ನೇಹ ಸಮ್ಮೇಳನದಲ್ಲಿ ದುಶ್ಚಟಗಳ ವಿರುದ್ಧ ದೀರ್ಘವಾಗಿ ಮಾತಾಡುವವರು. ಅವತ್ತು ತಡವಾಗಿ ಬಂದರು. ಮೊದಲ ಅಕ್ಷರ ಅವರೇ ಬರೆಯಲಿ ಎಂದು ದಾಕ್ಷಾಯಣಿ ಯಾರನ್ನೂ ಮುಟ್ಟಗೊಟ್ಟಿರಲಿಲ್ಲ. ಸಣ್ಣ ಬಟ್ಟಲಲ್ಲಿ ಸುಣ್ಣ, ಪಕ್ಕದಲ್ಲಿ ಕಡ್ಡಿ, ಮೇಲೆ ಗಿರಗಿರನೆ ಫ್ಯಾನು. ಅವರು ಪುಸ್ತಕದ ಒಂದು ಮಡಿಕೆ ಬಿಚ್ಚಿದರು, ಎರಡು ಬಿಚ್ಚಿದರು, ಕನ್ನಡಕ ಸರಿಮಾಡಿಕೊಂಡು ಮೂರನೆಯದನ್ನೂ ಬಿಚ್ಚಿದರು.

"ಇದರಾಗ ಏನೂ ಬರದೇ ಇಲ್ಲಲ್ಲ" ಎಂದರು.

ಪ್ರಾಚಾರ್ಯರು ನನ್ನ ಮುಖ ನೋಡಿದರು. ದಾಕ್ಷಾಯಣಿ ಸೆಟೆದು ನಿಂತು, "ಹಾಳಿ ನಾವು ಮಾಡೀವ್ರಿ. ನೀವು ಬರೀಬೇಕ್ರಿ" ಎಂದು ಕಡ್ಡಿಯನ್ನು ಸುಣ್ಣಕ್ಕೆ ಅದ್ದಿದಳು. ಕಡ್ಡಿ ಪಟ್ಟನೆ ಮುರಿಯಿತು. ಅಷ್ಟು ಹೊತ್ತು ಫ್ಯಾನಿನ ಕೆಳಗಿದ್ದ ಸುಣ್ಣ ಒಣಗಿ ಹೆಂಟೆಯಾಗಿತ್ತು. ರೇಷ್ಮಾ ನೀರಿಗೆ ಓಡಿದಳು. ಅಧ್ಯಕ್ಷರಿಗೆ ಇನ್ನೊಂದು ಕಾರ್ಯಕ್ರಮವಿದೆ ಎಂದು ಯಾರೋ ಹಿಂದಿನಿಂದ ನೆನಪಿಸಿದರು.

ಅಧ್ಯಕ್ಷರು ಒಣಗಿದ ಸುಣ್ಣವನ್ನು ನೋಡಿದರು. ಹಳದಿ ಹಾಳೆಯನ್ನು ನೋಡಿದರು. ಆರತಿಯ ತಟ್ಟೆ ಕಂಡ ಮನೆಯವರೇ ಅಲ್ಲವೇ, ಅವರಿಗೆ ತಟ್ಟನೆ ಹೊಳೆಯಿತು. ಸುತ್ತ ಒಮ್ಮೆ ಕಣ್ಣಾಡಿಸಿ, ನಿಧಾನಕ್ಕೆ ಜುಬ್ಬಾದ ಒಳಜೇಬಿಗೆ ಕೈಹಾಕಿ, ಹೊಳೆಯುವ ಪುಟ್ಟ ಡಬ್ಬಿಯೊಂದನ್ನು ತೆಗೆದರು. ಒಂದು ಕಡೆ ತಂಬಾಕು, ಇನ್ನೊಂದು ಕಡೆ ಹಸಿ ಸುಣ್ಣ. ಇಡೀ ಖೋಲಿ ನೆಲ ನೋಡತೊಡಗಿತು. ನಗು ತಡೆಯುವುದು ಅಷ್ಟು ಕಷ್ಟವೆಂದು ನನಗೆ ಗೊತ್ತಿರಲಿಲ್ಲ.

ಬೆರಳ ತುದಿಗೆ ಸುಣ್ಣ ಹಚ್ಚಿ ಅವರು ಹಾಳೆಯ ಮೂಲೆಗೆ ಒಂದು ಚುಕ್ಕೆ ಇಟ್ಟರು. ಚುಕ್ಕೆ ಕೆಂಪಾಯಿತು. ಆ ಮುಖದಲ್ಲಿ ಬಂದ ನಗುವನ್ನು ಎಷ್ಟೋ ಸಮ್ಮೇಳನಗಳಲ್ಲಿ ನಾವು ಯಾರೂ ಕಂಡಿರಲಿಲ್ಲ. "ಏನ್ ಬರೀಲಿ ತಂಗಿ?" ಎಂದು ಕೇಳಿದರು.

"ಈ ಖೋಲಿ ಯಾರದು ಅಂತ ಬರೀರಿ" ಎಂದಳು ದಾಕ್ಷಾಯಣಿ.

ಅವರು ಪ್ರಾಚಾರ್ಯರ ಕಡೆ ನೋಡಿದರು. ಪ್ರಾಚಾರ್ಯರು ವಿಷಯವನ್ನು ಎರಡು ಮಾತಿನಲ್ಲಿ ತಿಳಿಸಿದರು. ಅಧ್ಯಕ್ಷರು ಮೇಜನ್ನು, ಸಾಲಾಗಿಟ್ಟ ಪುಸ್ತಕಗಳನ್ನು, ಚಮಚ ಬಾಚಣಿಕೆಗಳನ್ನು, ಕೊನೆಗೆ ಹುಡುಗಿಯರ ಹಳದಿ ಕೈಗಳನ್ನು ನೋಡಿದರು. ಮತ್ತೆ ಡಬ್ಬಿಗೆ ಬೆರಳು ಅದ್ದಿ, ಹೊಸದಾಗಿ ಅಕ್ಷರ ಕಲಿತವರಂತೆ ದೊಡ್ಡದಾಗಿ ಬರೆದರು: ಖೋಲಿ ಹುಡುಗ್ಯಾರದು. ಕೆಳಗೆ ರುಜು ಹಾಕಿದರು. ಅಕ್ಷರಗಳು ಒಂದೊಂದಾಗಿ ಕೆಂಪಾಗುತ್ತ ಹೋದಂತೆ ಹುಡುಗಿಯರು ಎಬ್ಬಿಸಿದ ಗದ್ದಲಕ್ಕೆ ಪಕ್ಕದ ಕಟ್ಟಡದವರೂ ಓಡಿಬಂದರು. ನಾನು ದಾಕ್ಷಾಯಣಿಯನ್ನು ಅಪ್ಪಿಕೊಂಡೆ, ನನ್ನ ಬಿಳಿಯ ಸೀರೆ ಹಳದಿಯಾಯಿತು. ಸೋಪು ಹಚ್ಚಲು ಹೋಗಲಿಲ್ಲ.

ಸುಹಾಸ್ ಮೈಸೂರಿಗೆ ಮರಳಿದರು, ಹೋಗುವಾಗ 'ಬರ್ತೇನ್ರಿ' ಎಂದು ನಮ್ಮ ಹಾಗೆಯೇ ಹೇಳಿ. ಖೋಲಿಯಲ್ಲಿ ಕೆಲಸ ನಡೆದೇ ಇತ್ತು. ಆದರೆ ಅರಿಶಿನದ ಮೇಲಿನ ಸುಣ್ಣದ ಕೆಂಪು ನಿಲ್ಲುವಂಥದಲ್ಲ. ಒಣಗಿ ಒಣಗಿ ಹಳದಿಗೇ ಹಿಂದಿರುಗುತ್ತದೆ. ಪರೀಕ್ಷೆಯ ಕಾಲಕ್ಕೆ ಪ್ರಾಚಾರ್ಯರು ಜವಾನರ ತಲೆಯ ಮೇಲೆ ಉತ್ತರಪತ್ರಿಕೆಯ ಗಂಟು ಹೊರಿಸಿಕೊಂಡು ಖೋಲಿಗೆ ಬಂದರು, ನಾಲ್ಕು ದಿನದ ಮಟ್ಟಿಗೆ ಎಂದರು. ನಾಲ್ಕು ದಿನದ ಗಂಟುಗಳು ಎಷ್ಟು ವರ್ಷ ಇರುತ್ತವೆಂದು ನಮಗೆ ಗೊತ್ತಿತ್ತು. ದಾಕ್ಷಾಯಣಿ ನಿರಿಗೆ ಪುಸ್ತಕ ತಂದು ಬಿಚ್ಚಿದಳು. ಹಾಳೆ ಹಳದಿ, ಬರಿದು.

"ಎಲ್ಲಿ ಬರದದ ತಾಯಿ?" ಎಂದರು ಪ್ರಾಚಾರ್ಯರು, ಗೆದ್ದವರ ದನಿಯಲ್ಲಿ.

ಅವಳು ಮೇಜಿನ ಖಾನೆಯಿಂದ ಸುಣ್ಣದ ಡಬ್ಬಿ ತೆಗೆದಳು. ಬೆಳಕಿಗೆ ಓರೆಯಾಗಿ ಹಿಡಿದರೆ ಅಧ್ಯಕ್ಷರ ಬೆರಳು ಓಡಿದ ಕಡೆ ಬಿಳಿಯ ಮಾಸಲು ಗುರುತು ಕಾಣುತ್ತಿತ್ತು. ಅದನ್ನು ಪ್ರಾಚಾರ್ಯರಿಗೇ ತೋರಿಸಿ, ಅದರ ಮೇಲೆ ಕಡ್ಡಿ ಆಡಿಸಿದಳು. ಖೋಲಿ ಎದ್ದು ಬಂತು, ಹುಡುಗ್ಯಾರದು ಎದ್ದು ಬಂತು, ರುಜುವೂ ಬಂತು. ಪ್ರಾಚಾರ್ಯರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನಕ್ಕರು. ಗಂಟು ಹೊತ್ತ ಜವಾನರಿಗೆ ತಿರುಗಲು ಹೇಳಿದರು.

ಬಾದಾಮಿಯ ಬಂಡೆಯ ಅಕ್ಷರಗಳಿಗೆ ನಮ್ಮ ಅಗತ್ಯವಿಲ್ಲ. ನಾವು ಬರಲಿ ಬಿಡಲಿ ಅವು ಇರುತ್ತವೆ. ಈ ಅಕ್ಷರಗಳು ಹಾಗಲ್ಲ. ಆಗಾಗ ಒಬ್ಬ ಹುಡುಗಿ ಬಂದು, ಪುಸ್ತಕ ಬಿಚ್ಚಿ, ಖೋಲಿ ತನ್ನದೆಂದು ಮತ್ತೆ ಬರೆಯಬೇಕು. ಮೊದಲು ನನಗೆ ಇದು ಪುಸ್ತಕದ ದೋಷ ಅನ್ನಿಸಿತ್ತು. ಈಗ ಪ್ರತಿ ಸೋಮವಾರ ಬೆಳಿಗ್ಗೆ ಯಾರ ಪಾಳಿ ಎಂದು ಹುಡುಗಿಯರು ಜಗಳಾಡುವುದನ್ನು ಕೇಳುತ್ತ, ಸಾಲಿನ ಕೊನೆಗೆ ನನ್ನ ದಬ್ಬಣ ಹಿಡಿದು ಕೂತಿರುತ್ತೇನೆ. ಗಂಟು ಹಾಕಲು ಈಗ ಬರುತ್ತದೆ.